ಅನಸಕ್ಕಗ ಹೇಳಬ್ಯಾಡ್ರಿ

ಕರೆಂಟ್ ಬಿಲ್ಲಿನ ಹಿಂದ ಬರದೇವಿ.
ಮುಂದಿನ ಕಡೆ ಆರನೂರಾ ಹನ್ನೆರಡು ರೂಪಾಯಿ,
ಹಿಂದಿನ ಕಡೆ ಹುಬ್ಬಳ್ಳಿ.

ಶನಿವಾರ ನಸುಕಿನ್ಯಾಗ ಬೆಟಗೇರಿ ಬಿಡೂದು,
ಗದಗ ಸ್ಟೇಷನ್ನಿನ್ಯಾಗ ಪ್ಯಾಸೆಂಜರ್ ಗಾಡಿ,
ರವಿವಾರ ರಾತ್ರಿ ಮತ್ತ ಮನಿ.
ಎರಡು ಹಗಲು, ನಡುವ ಒಂದು ರಾತ್ರಿ.
ಆ ಒಂದು ರಾತ್ರಿ ಸಲುವಾಗಿ
ಎಂಟು ದಿನದಿಂದ ಮನ್ಯಾಗ ಪಿಸುಮಾತು.

ಭೂಮಿಕಾಗ ಹನ್ನೊಂದು. ಸ್ಕೇಲ್ ಹಿಡದು ಗೆರಿ ಹೊಡದಾಳ:
ಹತ್ತೂವರಿಗೆ ಗಾಜಿನಮನಿ, ಹನ್ನೆರಡಕ್ಕ ನೃಪತುಂಗ ಬೆಟ್ಟ.
"ಅಷ್ಟೊತ್ತಿಗೆ ಅಲ್ಲಿ ಬಿಸಲವ್ವಾ" ಅಂದ್ರ
ಅಳಸಿ, ಬೆಟ್ಟಾನ ಸಂಜಿಗೆ ಸರಸತಾಳ.
ರಬ್ಬರಿಗೆ ಬೆಟ್ಟ ಎಷ್ಟು ಹಗರ!
ವಿರೂಗ ಆರು. ಅವಂದು ಒಂದ ಬೇಡಿಕಿ:
ಹುಬ್ಬಳ್ಳಿ ಸ್ಟೇಷನ್ನಿನ ಉದ್ದನ್ನ ಪ್ಲಾಟ್‌ಫಾರ್ಮು
ಈ ತುದಿಯಿಂದ ಆ ತುದಿ ನಡೀಬೇಕು,
ಹೆಜ್ಜಿ ಎಣಸಬೇಕು.
"ನೂರರ ಮುಂದ ಬರತೈತೇನೋ ನಿನಗ?"
"ನೂರಾದ ಮ್ಯಾಲೆ ಅಕ್ಕ ಎಣಸ್ತಾಳ."

ಮಗ್ಗದ ಕುಣಿಯಿಂದ ಕಾಲು ತಗೀದನ ಇವರು ಕೇಳಿದ್ರು,
"ಲಾಡ್ಜ್ ಯಾಕ? ಕೇಶ್ವಾಪುರದಾಗ ಅನಸಕ್ಕ ಇಲ್ಲೇನು?
ಒಡಹುಟ್ಟಿದಾಕಿ ಇದ್ದ ಊರಾಗ ರೊಕ್ಕಾ ಕೊಟ್ಟು ಮಲಗೂದಾ?"
ಹೇಳಬಾರದು ಅಂತ ಮಾಡಿದ್ದೆ.
ಹೇಳೇಬಿಟ್ಟೆ.

ಅಕ್ಕನ ಮನಿಗೆ ಹೋದ ಹತ್ತು ನಿಮಿಷಕ್ಕ
"ನೀ ಕುಂಡ್ರವಾ" ಅಂತಾಳ, ನಾ ಏಳತೀನಿ.
ಆಕಿ ಹಿಟ್ಟು ನಾದಿದ್ರ ನಾ ರೊಟ್ಟಿ ಬಡೀಬೇಕು,
ನಾ ರೊಟ್ಟಿ ಬಡದ್ರ ಆಕಿ ಬದನಿಕಾಯಿ ಹೆಚ್ಚಬೇಕು,
ನೀವು ಷಡಕರು ಟೀವಿ ಮುಂದ, ಹುಡುಗರು ಮಾಳಗಿ ಮ್ಯಾಲೆ.
ಹೋದ ವರ್ಷ ಮೂರು ದಿನ ಹುಬ್ಬಳ್ಯಾಗ ಇದ್ದೆ.
ನೋಡಿದ್ದು ಅಡಗಿಮನಿ ಕಿಡಕಿ,
ಕಿಡಕ್ಯಾಗ ಬಾಜೂ ಮನಿಯವರ ನೀರಿನ ಟಾಕಿ.

ನನಗ ಒಂದು ರಾತ್ರಿ ಬೇಕು.
ಹಾಸಿಗಿ ನಾ ಹಾಸಿರಬಾರದು,
ಮುಂಜಾನೆ ನಾ ಮಡಚಬಾರದು,
ಯಾರೋ ಬಾಗಲಾ ಬಡದು ಚಹಾ ಕೊಡಬೇಕು,
ಅದರಾಗ ಸಕ್ಕರಿ ಹೆಚ್ಚಾದ್ರೂ ಕಡಿಮಿ ಆದ್ರೂ
ಅದು ನನ್ನ ತಪ್ಪಲ್ಲ.

ಲಾಳಿ ನಾಕು ಸಲ ಆ ಕಡೆ, ಈ ಕಡೆ ಓಡಿತು.
"ಸೀರಿ ಗುರುವಾರ ಇಳಸ್ತೀನಿ" ಅಂದ್ರು,
"ಶುಕ್ರವಾರ ರೊಕ್ಕ ಬರತೈತಿ."
ಅಷ್ಟ.

ಆಮ್ಯಾಲೆ ಬಿಲ್ಲಿನ ಮ್ಯಾಲೆ ಜಾಗಾನ ಉಳೀಲಿಲ್ಲ.
ಚಿಗರಿ ಬಸ್ಸಿನ್ಯಾಗ ಧಾರವಾಡ, ಕಿಡಕಿ ಪಾಳಿ ಹಚ್ಚೂದು,
ಪೇಡೆ ಅರ್ಧ ಕಿಲೋ, ಅದರಾಗ ನಾಕು ಅಲ್ಲೇ ತಿನ್ನೂದು,
ದುರ್ಗದ ಬೈಲಿನ್ಯಾಗ ಗಿರಮಿಟ್ಟು,
ವಿರೂಗ ಖಾರ ಹಾಕಬ್ಯಾಡ್ರಿ ಅಂತ ಮೊದಲ ಹೇಳೂದು.
ಎಲ್ಲಾದರ ಕೆಳಗ ಭೂಮಿಕಾ ಕೆಂಪು ಪೆನ್ನಿನ್ಯಾಗ:
ಅನಸ ದೊಡ್ಡವ್ವಗ ಹೇಳಬಾರದು.
ತಮ್ಮನ ಕಡೆಯಿಂದ ಪಾಟಿಚೀಲದ ಮ್ಯಾಲೆ ಆಣಿ ಹಾಕಿಸ್ಯಾಳ.

ಬುಧವಾರ ಫೋನು. ನಾ ಬಚ್ಚಲದಾಗ.
ವಿರೂ ಎತ್ತಿದ. ನನಗ ಕೇಳಸ್ತು:
"ದೊಡ್ಡವ್ವಾ, ನಾವು ಶನಿವಾರ ಹುಬ್ಬಳ್ಳಿಗೆ ಬರಂಗಿಲ್ಲ.
ಲಾಡ್ಜಿನ್ಯಾಗೂ ಇರಂಗಿಲ್ಲ."

ಹಸಿ ಕೈಯಾಗ ಫೋನು ತಗೊಂಡೆ.
ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೀತು.
"ಯಾವ ಲಾಡ್ಜವಾ?"
ಹೇಳಿದೆ. ಹಳೇ ಬಸ್ ಸ್ಟ್ಯಾಂಡ್ ಹತ್ರ, ಎರಡನೇ ಮಹಡಿ.
ಇನ್ನೊಂದು ಸೀಟಿ. ಬೈತಾಳ, ಅಳತಾಳ,
ಇಲ್ಲಾ ಎರಡೂ ಮಾಡ್ತಾಳ ಅಂತ ಕಾದೆ.

"ಇಪ್ಪತ್ತಾರು ವರ್ಷ ಆತು ಈ ಊರಿಗೆ ಬಂದು.
ಅದರ ಮುಂದ ಹಾದು ಸಂತಿಗೆ ಹೋಗತೀನಿ.
ಒಳಗ ಹೆಂಗೈತೇನೋ."
ಆಮ್ಯಾಲೆ ದನಿ ಸಣ್ಣ ಮಾಡಿ,
"ಹೆಚ್ಚಿಗಿ ಹಾಸಿಗಿ ಹಾಕತಾರೇನ? ಎಷ್ಟಂತ?"

"ಇನ್ನೂರು" ಅಂದೆ.

"ನಿಮ್ಮ ಮಾವಗ ಹೇಳಬ್ಯಾಡ.
ಶನಿವಾರ ತಂಗಿ ಮನಿಗೆ
ಗದಗಿಗೆ ಹೋಗತೀನಿ ಅಂತೀನಿ."

ಭೂಮಿಕಾ ಹೊಸಾ ಬಿಲ್ಲು ಹುಡುಕಾಕತ್ಯಾಳ.